ಡಚೆಸ್ ಊರಿನಲ್ಲಿ ಗೋಧಿಯಿಲ್ಲದ ಟೀ

ಮಧ್ಯಾಹ್ನ ನಾಲ್ಕು ಗಂಟೆಯಾಯಿತೆಂದರೆ ನಮಗೆಲ್ಲ ಏನಾದರೂ ಬೇಕೆನಿಸುತ್ತದೆ. ಬಿಸಿ ಕಾಫಿ, ಜೊತೆಗೆ ಎರಡು ಕೋಡುಬಳೆಯೋ ಒಂದು ಹಿಡಿ ಖಾರದ ಅವಲಕ್ಕಿಯೋ. ಇದು ನಮ್ಮ ತಿಪಟೂರಿನಂಥ ಊರುಗಳ ಚಪಲ ಮಾತ್ರ ಎಂದುಕೊಂಡಿದ್ದೆ. ಇಂಗ್ಲೆಂಡಿನ ಡಚೆಸ್ ಒಬ್ಬರಿಗೂ ಇದೇ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತಂತೆ! ಅವರ ಊರನ್ನು ನೋಡಿ ಬಂದ ಮೇಲೆ ನಾನೇ ಅಲ್ಲೊಂದು ಟೀ ಕೂಟ ನಡೆಸಬೇಕಾಗಿ ಬಂದ ಕಥೆಯನ್ನು ನಿಮಗೆ ಹೇಳಬೇಕು.

2024ರ ಮೇ ತಿಂಗಳಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಮಿಲ್ಟನ್ ಕೀನ್ಸ್ ಎಂಬ ಊರಿನಲ್ಲಿ, ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್. ಇಂಗ್ಲೆಂಡ್ ಎಂದರೆ ಹಳೆಯ ಕೋಟೆ, ಹಳೆಯ ಚರ್ಚು ಎಂದು ಕಲ್ಪಿಸಿಕೊಂಡು ಹೋದವಳಿಗೆ ಈ ಊರು ಒಗಟಿನಂತೆ ಕಂಡಿತು. 1967ರಲ್ಲಿ ಸರ್ಕಾರ ನಕ್ಷೆ ಬರೆದು ಕಟ್ಟಲು ಹೊರಟ ಊರಂತೆ. ರಸ್ತೆಗಳು ಅಡ್ಡಕ್ಕೂ ಉದ್ದಕ್ಕೂ, ಚೌಕಾಬಾರದ ಮನೆಯ ಹಾಗೆ. ಹೆಸರಿನ ಜೊತೆಗೆ ನಂಬರು ಬೇರೆ. ಅವು ಸೇರುವಲ್ಲೆಲ್ಲ ಒಂದೊಂದು ದುಂಡು ವೃತ್ತ. ನಡೆಯುವವರಿಗೆ, ಸೈಕಲ್ಲಿನವರಿಗೆ ಕೆಂಪು ಬಣ್ಣದ ದಾರಿಯೇ ಪ್ರತ್ಯೇಕ. ಎಲ್ಲಿ ನೋಡಿದರೂ ಮರ. ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಒಂದೂ ಕಾರು ಎದುರಾಗುತ್ತಿರಲಿಲ್ಲ. ಹಾದಿಯ ಪಕ್ಕ ಹಾಥಾರ್ನ್ ಬೇಲಿ ತುಂಬ ಬಿಳಿ ಹೂ. ಊರಿನಲ್ಲಿ ಕಾಂಕ್ರೀಟಿನ ಹಸುಗಳೂ ಇವೆ. 1978ರಲ್ಲಿ ಒಬ್ಬ ಕಲಾವಿದೆ ಮಾಡಿದ್ದು. “ಹಾಲು ಕೊಡದ ಹಸುಗಳು, ಮೇವಿನ ಖರ್ಚೂ ಇಲ್ಲ” ಎಂದು ಅಳಿಯ ನಗಿಸಿದ.

ಒಂದು ಭಾನುವಾರ ಕಾರಿನಲ್ಲಿ ವೋಬರ್ನ್ ಎಂಬ ಹಳ್ಳಿಗೆ ಹೋದೆವು. ಹತ್ತಿರದ ಊರೇ. ಇಲ್ಲಿ ಹಳೆಯ ಇಟ್ಟಿಗೆ ಮನೆಗಳು, ಸಣ್ಣ ಸಣ್ಣ ಅಂಗಡಿಗಳು. ಪಕ್ಕದಲ್ಲೇ ಬೆಡ್‌ಫರ್ಡ್ ಡ್ಯೂಕರ ಮನೆತನದ ಅರಮನೆ, ವೋಬರ್ನ್ ಅಬ್ಬಿ. ಅದರ ಸುತ್ತಲಿನ ವಿಶಾಲವಾದ ಉದ್ಯಾನದಲ್ಲಿ ಜಿಂಕೆಗಳು ಹಿಂಡು ಹಿಂಡಾಗಿ ಮೇಯುತ್ತಿದ್ದವು. ಅದರಲ್ಲೊಂದು ಚೀನಾದೇಶದ ಜಾತಿ. ತನ್ನ ನಾಡಿನಲ್ಲೇ ನಿರ್ವಂಶವಾಗಿದ್ದ ಆ ಜಿಂಕೆಯನ್ನು ಇಲ್ಲಿ ಉಳಿಸಿ ಬೆಳೆಸಿ, 1985ರಲ್ಲಿ ಮತ್ತೆ ಚೀನಾಕ್ಕೆ ಕಳಿಸಿಕೊಟ್ಟರಂತೆ. ತವರಿಗೆ ಮರಳಿದ ಮಗಳಂತೆ, ಅಲ್ಲವೇ?

ಈ ಅರಮನೆಯಲ್ಲಿದ್ದ ಏಳನೆಯ ಡಚೆಸ್ ಅನ್ನಾ ಮರಿಯಾ ವಿಕ್ಟೋರಿಯಾ ರಾಣಿಯ ಸಖಿಯಾಗಿದ್ದವರು. ಆ ಕಾಲದಲ್ಲಿ ದೊಡ್ಡ ಮನೆಗಳಲ್ಲಿ ರಾತ್ರಿಯೂಟ ಎಂಟು ಗಂಟೆಗೆ. ಮಧ್ಯಾಹ್ನದ ಊಟವೋ ತೀರ ಹಗುರ. ನಡುವೆ ಜೀವ ಸೋಲುತ್ತದೆಂದು ಡಚೆಸ್ ತಮ್ಮ ಕೋಣೆಗೇ ಟೀ, ಬ್ರೆಡ್ಡು, ಬೆಣ್ಣೆ ತರಿಸಿಕೊಳ್ಳತೊಡಗಿದರಂತೆ. ಆಮೇಲೆ ಗೆಳತಿಯರನ್ನೂ ಕರೆದರು. 1840ರ ಸುಮಾರಿಗೆ ಹೀಗೆ ಶುರುವಾದದ್ದೇ ಇಂಗ್ಲಿಷರ ಪ್ರಸಿದ್ಧ ಮಧ್ಯಾಹ್ನದ ಟೀ ಎನ್ನುತ್ತಾರೆ. ಈಗ ಅದಕ್ಕೊಂದು ಶಾಸ್ತ್ರವೇ ಇದೆ. ಮೂರಂತಸ್ತಿನ ತಟ್ಟೆ, ಕೆಳಗೆ ಬೆರಳುದ್ದದ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಕೇಕು. ಸ್ಕೋನ್ ಎಂದರೆ ನಮ್ಮ ಬನ್ನಿಗೂ ಬಿಸ್ಕತ್ತಿಗೂ ನಡುವಿನ ತಿಂಡಿ. ಅದರ ಮೇಲೆ ಮೊದಲು ಕೆನೆಯೋ ಮೊದಲು ಜಾಮೋ ಎಂದು ಡೆವನ್ ಮತ್ತು ಕಾರ್ನ್‌ವಾಲ್ ಎಂಬ ಎರಡು ಜಿಲ್ಲೆಯವರಿಗೆ ಇಂದಿಗೂ ಜಗಳ. ಡೆವನ್ನಿನವರಿಗೆ ಕೆನೆ ಮೊದಲು, ಕಾರ್ನ್‌ವಾಲಿನವರಿಗೆ ಜಾಮ್ ಮೊದಲು!

ಹಳ್ಳಿಯ ಒಂದು ಟೀ ಅಂಗಡಿಯಲ್ಲಿ ಕುಳಿತೆವು. ಮೂರಂತಸ್ತಿನ ತಟ್ಟೆ ಬಂತು. ನಮಗೆಲ್ಲ ಸಂಭ್ರಮ. ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ತನ್ನ ಚೀಲದಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ಮನೆಯಿಂದ ತಂದ ಅಕ್ಕಿ ರೊಟ್ಟಿ ತಿನ್ನತೊಡಗಿದಳು. ಅಂಗಡಿಯವರು ಒಳ್ಳೆಯವರೇ. “ನಮ್ಮ ಅಡುಗೆಮನೆಯಲ್ಲೆಲ್ಲ ಮೈದಾ ಹಾರಾಡುತ್ತೆ, ಧೈರ್ಯವಾಗಿ ಕೊಡಲಾರೆವು” ಎಂದು ನಿಜ ಹೇಳಿದ್ದರು. ಆದರೆ ಆ ಮಗು ಕೇಕಿನ ತಟ್ಟೆಯ ಕಡೆ ನೋಡದಿರಲು ಕಿಟಕಿಯ ಕಡೆ ತಿರುಗಿ ಕುಳಿತದ್ದು ನನ್ನ ಕಣ್ಣಿಗೆ ಬಿತ್ತು. ನನ್ನ ಬಾಯಲ್ಲಿದ್ದ ಸ್ಕೋನ್ ಗಂಟಲಲ್ಲಿ ಇಳಿಯಲಿಲ್ಲ.

ಅವಳಿಗಿರುವುದು ಸೀಲಿಯಾಕ್ ಎಂಬ ಖಾಯಿಲೆ. ಹೋಳಿಗೆಯ ಕಣಕವನ್ನು ನಾದಿ ಎಳೆದರೆ ರಬ್ಬರಿನಂತೆ ಹಿಗ್ಗುತ್ತದಲ್ಲ, ಆ ಜಿಗುಟು ಬರುವುದು ಗ್ಲುಟೆನ್ ಎಂಬ ಅಂಶದಿಂದ. ಅದು ಗೋಧಿಯಲ್ಲಿ, ಬಾರ್ಲಿಯಲ್ಲಿ, ರೈ ಎಂಬ ಧಾನ್ಯದಲ್ಲಿ ಇದೆ. ಅಕ್ಕಿ, ರಾಗಿ, ಜೋಳದಲ್ಲಿ ಇಲ್ಲ. ಈ ಖಾಯಿಲೆಯವರು ಗ್ಲುಟೆನ್ ತಿಂದರೆ ದೇಹ ತನ್ನ ಸಣ್ಣ ಕರುಳಿನ ಒಳಪದರವನ್ನು ತಾನೇ ಹಾಳುಮಾಡಿಕೊಳ್ಳುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಹೊಟ್ಟೆನೋವು, ಭೇದಿ, ರಕ್ತಹೀನತೆ, ಸುಸ್ತು, ಮಕ್ಕಳಾದರೆ ಬೆಳವಣಿಗೆ ಕುಂಠಿತ. ಔಷಧಿ ಇಲ್ಲ. ಜೀವನಪೂರ್ತಿ ಪಥ್ಯವೇ ಔಷಧಿ. ಬ್ರಿಟನ್ನಿನಲ್ಲಿ ನೂರಕ್ಕೆ ಒಬ್ಬರಿಗೆ ಇದೆ ಎಂಬ ಅಂದಾಜು. ನಮ್ಮಲ್ಲೂ ಇದೆ, ಗೋಧಿಯುಣ್ಣುವ ಉತ್ತರದ ಕಡೆ ಹೆಚ್ಚು.

ಕಾರಣ ಗೊತ್ತಾದದ್ದೂ ಒಂದು ಸಂಕಟದ ಕಾಲದಲ್ಲಿ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿದಿದ್ದಾಗ ಈ ಖಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಬ್ರೆಡ್ಡು ಮತ್ತೆ ಬಂದೊಡನೆ ಮತ್ತೆ ಮಲಗಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಡಾಕ್ಟರ್ ವಿಲಂ ಡಿಕ್ಕೆ ಅವರಿಗೆ ಇದರಿಂದ ಖಾತ್ರಿಯಾಯಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಬರೆದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಎರಡು ವರ್ಷ ಹಿಂದೆ ಮಗು ರಜಕ್ಕೆ ತಿಪಟೂರಿಗೆ ಬಂದಿದ್ದಾಗ ಕಡ್ಡಿಯಂತಿತ್ತು. “ಏನು ಹೊಟ್ಟೆಗೆ ಹಾಕ್ತೀಯೋ ಇದಕ್ಕೆ” ಎಂದು ಮಗಳನ್ನು ಬೈದು, ದಿನಾ ಬೆಳಿಗ್ಗೆ ತುಪ್ಪದ ರವೆ ಉಪ್ಪಿಟ್ಟು, ರಾತ್ರಿ ಒಂದು ಲೋಟ ಹಾರ್ಲಿಕ್ಸ್ ಬಲವಂತವಾಗಿ ಕುಡಿಸಿದೆ. ರವೆ ಗೋಧಿಯದು. ಹಾರ್ಲಿಕ್ಸ್ ಬಾರ್ಲಿ ಮತ್ತು ಗೋಧಿಯದು. ಮಗು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದರೆ “ದೃಷ್ಟಿಯಾಗಿದೆ” ಎಂದು ನೀವಳಿಸಿ ಹಾಕಿದೆ. ಮರುವರ್ಷ ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಮಗಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ವೋಬರ್ನಿನಿಂದ ಮರಳುವಾಗ ಕಾರಿನಲ್ಲಿ ಮೊಮ್ಮಗಳು ಕೇಳಿದಳು: “ಅಜ್ಜಿ, ಟೇಬಲ್ ಮೇಲಿರೋದೆಲ್ಲಾ ನಾನು ತಿನ್ನಬಹುದಾದ ಒಂದು ಪಾರ್ಟಿ ಇರಲ್ವಾ?”

“ಯಾಕಿರಲ್ಲ? ನಾವೇ ಮಾಡೋಣ” ಎಂದುಬಿಟ್ಟೆ!

ಆ ದೇಶದಲ್ಲಿ ಟೀ ಕೂಟ ಮಾಡಿ ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ಹೆಂಗಸರಿಗೆ ನೀರು ಕುಡಿದಷ್ಟು ಸಲೀಸು. ಮೇ ತಿಂಗಳಲ್ಲಿ ಸೀಲಿಯಾಕ್ ಅರಿವಿನ ವಾರವೂ ಬರುತ್ತದೆ. ಸೀಲಿಯಾಕ್ ಯುಕೆ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. 1968ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರು ಪೀಟರ್ ಬೆನೆನ್ಸನ್, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸ್ಥಾಪಿಸಿದವರೇ. ಅವರಿಗೂ ಈ ಖಾಯಿಲೆ ಇತ್ತು. ಅದೇ ಸಂಸ್ಥೆಗೆ ಹಣ ಕೊಡುವುದೆಂದು ನಿಶ್ಚಯಿಸಿ ಇಪ್ಪತ್ತನಾಲ್ಕು ಜನರನ್ನು ಕರೆದೆವು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಂದು ಹೊಸ ಗಂಟು ಹಾಕಿದರು. ಅವರದು ಪೇಲಿಯೋ ಪಥ್ಯ. ಅಂದರೆ ವ್ಯವಸಾಯ ಶುರುವಾಗುವ ಮುಂಚೆ, ಸುಮಾರು ಹತ್ತು ಸಾವಿರ ವರ್ಷಕ್ಕೂ ಹಿಂದೆ, ಶಿಲಾಯುಗದ ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನುವುದು! ಧಾನ್ಯವಿಲ್ಲ, ಬೇಳೆಯಿಲ್ಲ, ಹಾಲು ಮೊಸರಿಲ್ಲ, ಸಕ್ಕರೆಯಿಲ್ಲ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ, ಜೇನು ಉಂಟು. ಕಡಲೆಕಾಯಿ ಕೂಡ ಬೇಳೆಯ ಜಾತಿಯೆಂದು ಹೊರಗೆ. 1975ರಲ್ಲೇ ಒಬ್ಬ ಅಮೆರಿಕನ್ ಡಾಕ್ಟರು ಈ ವಿಷಯಕ್ಕೆ ಪುಸ್ತಕ ಬರೆದಿದ್ದರೂ 2002ರಲ್ಲಿ ಲೋರನ್ ಕಾರ್ಡೇನ್ ಬರೆದ ಪುಸ್ತಕದಿಂದ ಹೆಚ್ಚು ಪ್ರಚಾರವಾಯಿತಂತೆ. “ನನ್ನ ಗೆಳತಿಯರನ್ನೂ ಕರೆತರ್ತೀನಿ, ನಮಗೂ ಒಂದು ಟೇಬಲ್ ಇಡ್ತೀರಾ?” ಎಂದು ಆಕೆ ಕೇಳಿದರು.

“ಇದೇನು, ದಿನಾ ಏಕಾದಶಿ ಆಯ್ತಲ್ಲ!” ಎಂದೆ ನಾನು. ಮಗಳು ನಕ್ಕು, “ನಿನ್ನ ಏಕಾದಶಿ ಉಪ್ಪಿಟ್ಟು ಅವರಿಗೂ ಆಗಲ್ಲಮ್ಮ, ಇವಳಿಗೂ ಆಗಲ್ಲ” ಎಂದಳು. ನಿಜವೇ. ಅಕ್ಕಿ ಬಿಟ್ಟು ಗೋಧಿ ರವೆ ಉಂಡು ಉಪವಾಸ ಎನ್ನುವವರು ನಾವೇ ಅಲ್ಲವೇ! ಶಿಲಾಯುಗದವರು ಕಾಡಿನ ಧಾನ್ಯ ಆಯ್ದು ಅರೆದು ತಿನ್ನುತ್ತಿದ್ದ ಗುರುತು ಇಸ್ರೇಲಿನ ಒಂದು ಸರೋವರದ ದಡದಲ್ಲಿ ಸಿಕ್ಕಿದೆ, ಅದು ಸುಮಾರು 23,000 ವರ್ಷ ಹಳೆಯದು ಎಂದು ಅಳಿಯ ಹೇಳಿದ. ಇರಲಿ, ಬರುವ ಅತಿಥಿಯೊಡನೆ ವಾದವೇಕೆ? ಒಂದು ಮಾತು ಮಾತ್ರ ಮನಸ್ಸಿನಲ್ಲಿ ಸ್ಪಷ್ಟವಿತ್ತು. ಪಕ್ಕದ ಮನೆಯಾಕೆಯದು ಇಷ್ಟಪಟ್ಟು ಹಿಡಿದ ನೇಮ, ಒಂದು ದಿನ ಮುರಿದರೂ ನಡೆಯುತ್ತದೆ. ಮಗುವಿನದು ಹಾಗಲ್ಲ.

ಇದರಿಂದಲೇ ಮೊದಲ ಕಸಿವಿಸಿ ಬಂತು. ಆಕೆ ಪ್ರೀತಿಯಿಂದ, “ಬಾದಾಮಿ ಕೇಕ್ ನಾನೇ ಮಾಡಿ ತರ್ತೀನಿ, ಅದರಲ್ಲಿ ಗೋಧಿಯೇ ಇಲ್ಲ” ಎಂದರು. ಆದರೆ ಅವರ ಮಕ್ಕಳಿಗೆಂದು ಅವರ ಮನೆಯಲ್ಲಿ ದಿನಾ ಬ್ರೆಡ್ಡು ಸುಡುತ್ತಾರೆ. ಅದೇ ಜರಡಿ, ಅದೇ ಅಚ್ಚು, ಅದೇ ಮರದ ಹಲಗೆ. ಬೇಡ ಎನ್ನುವುದು ಹೇಗೆ? ಕೊನೆಗೆ ಮಗಳು, “ನಮ್ಮ ಅಡುಗೆಮನೆಗೇ ಬನ್ನಿ, ಅಮ್ಮನಿಗೂ ಕಲಿಸಿ” ಎಂದಳು. ಆಕೆ ಮುಖ ಸಣ್ಣ ಮಾಡಿಕೊಳ್ಳಲಿಲ್ಲ, ಖುಷಿಯಿಂದ ಬಂದರು. ಉಳಿದವರಿಗೆ “ಮನೆಯಲ್ಲಿ ಮಾಡಿದ ತಿಂಡಿ ದಯವಿಟ್ಟು ಬೇಡ, ಹಣ್ಣು ಅಥವಾ ಹೂ ತನ್ನಿ” ಎಂದು ಮೊದಲೇ ತಿಳಿಸಿದೆವು.

ಗ್ಲುಟೆನ್ ಕಾಯಿಸಿದರೆ ಸಾಯುವ ಕ್ರಿಮಿಯಲ್ಲ. ಸೋಪು ನೀರು ಹಾಕಿ ತೊಳೆದೇ ಹೋಗಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದರೆ ಆ ಹಪ್ಪಳವೂ ಕೆಟ್ಟಿತು. ಅಲ್ಲಿನ ಕಾನೂನಿನಂತೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ‘ಗ್ಲುಟೆನ್ ರಹಿತ’ ಎಂದು ಮಾರುವಂತಿಲ್ಲ. ನಮ್ಮ ದೇಶದ ನಿಯಮವೂ ಅಷ್ಟೇ. 20 ಮಿಲಿಗ್ರಾಂ ಎಂದರೆ ಒಂದು ಚಿಟಿಕೆಯೂ ಅಲ್ಲ! ನಾನು ಊರಿನಿಂದ ಹೊತ್ತೊಯ್ದಿದ್ದ ಎರಡು ಕಿಲೋ ರಾಗಿಹಿಟ್ಟನ್ನು ಮಗಳು ಮುಟ್ಟಲೇ ಇಲ್ಲ. “ರಾಗಿ ಸರಿಯಮ್ಮ, ಗಿರಣಿ? ನಿನಗಿಂತ ಮುಂಚೆ ಯಾರು ಏನು ಬೀಸಿಸಿದ್ರು?” ಎಂದಳು. ನನ್ನ ಮುಂದೆಯೇ ಗೋಧಿ ಬೀಸಿದ್ದು ನೆನಪಾಯಿತು. ಕೊಬ್ಬರಿ ಗಿಟುಕನ್ನಂತೂ ವಿಮಾನದಲ್ಲಿ ಬಿಡುವುದಿಲ್ಲವೆಂದು ಊರಿನಲ್ಲೇ ಬಿಟ್ಟಿದ್ದೆ. ಎಣ್ಣೆಯಂಶಕ್ಕೆ ಬೆಂಕಿ ಹತ್ತೀತೆಂಬ ಭಯವಂತೆ. ತಿಪಟೂರಿನವಳು ಮಿಲ್ಟನ್ ಕೀನ್ಸಿನಲ್ಲಿ ಪೊಟ್ಟಣದ ಕೊಬ್ಬರಿ ತುರಿ ಕೊಂಡೆ!

ಹಿಂದಿನ ದಿನ ಶುಕ್ರವಾರ ರಾತ್ರಿ ನಡೆದದ್ದನ್ನು ಮಾತ್ರ ಮರೆಯಲಾರೆ. ಸ್ಯಾಂಡ್‌ವಿಚ್ಚಿನ ಬದಲು ಚಿಕ್ಕ ಚಿಕ್ಕ ಇಡ್ಲಿ, ಮಧ್ಯೆ ಕಾಯಿಚಟ್ನಿ ಎಂದು ಗೊತ್ತುಮಾಡಿದ್ದೆವು. ದೊಡ್ಡ ಬೋಗುಣಿ ತುಂಬ ಚಟ್ನಿ ರುಬ್ಬಿ, ಒಗ್ಗರಣೆಗೆ ಇಟ್ಟು, ಸಾಸಿವೆ, ಕರಿಬೇವು, ಒಂದು ಚಿಟಿಕೆ ಇಂಗು ಹಾಕಿ ಸುರಿದೆ. ಘಮ್ಮೆಂದಿತು. ಮೊಮ್ಮಗಳು ಬಾಗಿಲಲ್ಲಿ ನಿಂತು, “ಅಜ್ಜಿ, ಆ ಡಬ್ಬಿ ಓದಿದ್ಯಾ?” ಎಂದಳು.

ಊರಿನಿಂದ ತಂದ ಇಂಗಿನ ಡಬ್ಬಿ. ನಲವತ್ತು ವರ್ಷದಿಂದ ಬಳಸುವ ಇಂಗನ್ನು ಓದುವುದೇನು? ಕನ್ನಡಕ ಹಾಕಿಕೊಂಡು ನೋಡಿದೆ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಗೋಧಿ ಹಿಟ್ಟು. ಅಪ್ಪಟ ಇಂಗು ಬಹಳ ಘಾಟು. ಅದಕ್ಕೇ ಅಂಟು, ಹಿಟ್ಟು ಬೆರೆಸಿ ಮಾರುತ್ತಾರೆ. ಕೆಲವರು ಅಕ್ಕಿಹಿಟ್ಟು, ಹಲವರು ಗೋಧಿಹಿಟ್ಟು. ಸೋದರಿಯರೇ, ನಿಮ್ಮ ಮನೆಯ ಇಂಗಿನ ಡಬ್ಬಿಯನ್ನೂ ಒಮ್ಮೆ ಓದಿ ನೋಡಿ.

ಕೈಕಾಲು ತಣ್ಣಗಾಯಿತು. ಎರಡನೆಯ ಸಲ ನನ್ನ ಕೈಯಿಂದಲೇ! ನೆಲದ ಮೇಲೆ ಕುಸಿದು ಕುಳಿತೆ. ಮಗಳು ಬಂದಳು, ಬೋಗುಣಿ ನೋಡಿದಳು, ಡಬ್ಬಿ ನೋಡಿದಳು. ನಾನು ಅತ್ತುಬಿಟ್ಟೆ. “ಆವತ್ತು ಹಾರ್ಲಿಕ್ಸೂ ನಾನೇ ಕುಡಿಸಿದ್ದು ಕಣೇ” ಎಂದೆ. ಅವಳು ಪಕ್ಕದಲ್ಲಿ ಕುಳಿತು, “ನಾನೂ ಎಷ್ಟು ವರ್ಷ ಚಪಾತಿ ಕೊಟ್ಟಿದ್ದೆನಮ್ಮ. ಯಾರಿಗೆ ಗೊತ್ತಿತ್ತು?” ಎಂದಳು. ಎರಡು ವರ್ಷ ಇಬ್ಬರೂ ಒಳಗೇ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು. ಆಮೇಲೆ ಎದ್ದು ಚಟ್ನಿ ಚೆಲ್ಲಿ, ಸೌಟು ಬೋಗುಣಿ ಎರಡೆರಡು ಸಲ ತೊಳೆದು, ಇಂಗಿಲ್ಲದ ಹೊಸ ಚಟ್ನಿ ರುಬ್ಬಿದೆವು. ಮಲಗುವಾಗ ರಾತ್ರಿ ಹನ್ನೆರಡೂವರೆ.

ಪಾತ್ರೆ ತೊಳೆಯುವಾಗ ನನ್ನ ಅತ್ತೆಯವರ ಮಡಿ ನೆನಪಾಯಿತು. ಬೇರೆ ಪಾತ್ರೆ, ಬೇರೆ ಸೌಟು, ಮುಟ್ಟಿದರೆ ಮೈಲಿಗೆ. ಸೊಸೆಯಾಗಿದ್ದಾಗ ಅದಕ್ಕೆ ಎಷ್ಟು ಸಿಡಿಮಿಡಿಗೊಂಡಿದ್ದೆ! ಈಗ ಈ ವಯಸ್ಸಿನಲ್ಲಿ ನಾನೇ ಮಡಿ ಹಿಡಿದಿದ್ದೆ. ಆದರೆ ಆ ಮಡಿ ಯಾರನ್ನಾದರೂ ಪಂಕ್ತಿಯಿಂದ ದೂರ ಕೂರಿಸುತ್ತಿತ್ತು. ಇದು ಕಿಟಕಿಯ ಕಡೆ ತಿರುಗಿ ಕುಳಿತ ಮಗುವನ್ನು ಪಂಕ್ತಿಗೆ ಕರೆಯುವ ಮಡಿ. ಇದಕ್ಕೆ ನನ್ನ ತಕರಾರಿಲ್ಲ.

ಶನಿವಾರ ಮಳೆ ಹನಿದು ನಿಂತಿತು. ಹಿತ್ತಿಲಲ್ಲಿ ಎರಡು ಟೇಬಲ್. ಒಂದರಲ್ಲಿ ಇಡ್ಲಿ, ಅಕ್ಕಿಹಿಟ್ಟಿನ ನಿಪ್ಪಟ್ಟು, ಗ್ಲುಟೆನ್ ರಹಿತ ಎಂದು ಮುದ್ರೆಯಿದ್ದ ಹಿಟ್ಟಿನ ಕೇಕು, ಕೆನೆ, ಜಾಮ್. ಇನ್ನೊಂದರಲ್ಲಿ ಪೇಲಿಯೋದವರಿಗೆ ಬಾದಾಮಿ ಸ್ಕೋನ್, ಖರ್ಜೂರದ ಉಂಡೆ, ಬೇಯಿಸಿದ ಮೊಟ್ಟೆ, ಸುಟ್ಟ ಸಿಹಿಗೆಣಸಿನ ಬಿಲ್ಲೆ, ಸೌತೆಕಾಯಿ, ಹಣ್ಣು. ಟೀಗೆ ತೆಂಗಿನ ಹಾಲು. ಶಿಲಾಯುಗದಲ್ಲಿ ಟೀ ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ! ಪ್ರತಿ ತಟ್ಟೆಯ ಮುಂದೆ ಏನೇನು ಹಾಕಿದೆ ಎಂದು ಮೊಮ್ಮಗಳು ಬಣ್ಣದ ಪೆನ್ನಿನಲ್ಲಿ ಬರೆದಿಟ್ಟಳು. ಬಾದಾಮಿ, ಮೊಟ್ಟೆ ಆಗದವರೂ ಇರುತ್ತಾರಲ್ಲ.

ಅತಿಥಿಗಳಲ್ಲಿ ಎಪ್ಪತ್ತು ದಾಟಿದ ಒಬ್ಬಾಕೆ ಇದ್ದರು. ಅವರಿಗೂ ಇದೇ ಖಾಯಿಲೆ. ಪ್ರತಿ ತಟ್ಟೆಯ ಮುಂದೆ ನಿಂತು, “ಇದು? ಇದೂ? ಎಲ್ಲವೂ?” ಎಂದು ಕೇಳಿದರು. ಎಲ್ಲವೂ ಎಂದಾಗ ಕೈಚೀಲದಲ್ಲಿದ್ದ ತಮ್ಮ ಡಬ್ಬಿಯನ್ನು ಹಾಗೇ ಮುಚ್ಚಿಟ್ಟರು. ಮೊಮ್ಮಗಳು ಅವರ ಕೈಹಿಡಿದು ಎರಡೂ ಟೇಬಲ್ ತೋರಿಸಿದಳು. ಇಬ್ಬರೂ ಜೊತೆಯಾಗಿ ಕುಳಿತು ಸ್ಕೋನ್ ತಿಂದರು, ಜಾಮ್ ಮೊದಲು, ಕೆನೆ ಆಮೇಲೆ.

ಸಂಜೆ ಡಬ್ಬಿ ಎಣಿಸಿದಾಗ 286 ಪೌಂಡು. ದೊಡ್ಡ ಹಣವಲ್ಲ, ಆದರೆ ಮಗು ಎರಡು ಸಲ ಎಣಿಸಿತು.

ಮನೆಯಲ್ಲಿ ಯಾವ ಮಗುವಾದರೂ ತಿಂದದ್ದು ಮೈಗೆ ಹತ್ತದೆ ಸದಾ ಹೊಟ್ಟೆನೋವು ಎನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಈ ಖಾಯಿಲೆಯ ಮಾತೂ ಎತ್ತಿ. ಪರೀಕ್ಷೆಗೆ ಮುಂಚೆ ನೀವಾಗಿ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಖಾಯಿಲೆ ಕಾಣದೆ ಹೋಗಬಹುದು. ಆವತ್ತು ಮಾಡಿದ ಎರಡು ತಿಂಡಿ ಇಲ್ಲಿವೆ, ಎರಡೂ ಟೇಬಲ್ಲಿಗೆ ಸಲ್ಲುವಂಥವು.

ಖರ್ಜೂರ ಕೊಬ್ಬರಿ ಉಂಡೆ: ಬೀಜ ತೆಗೆದ ಮೆತ್ತನೆಯ ಖರ್ಜೂರ 250 ಗ್ರಾಂ, ಬಾದಾಮಿ 100 ಗ್ರಾಂ, ಒಣಕೊಬ್ಬರಿ ತುರಿ 75 ಗ್ರಾಂ, ಏಲಕ್ಕಿ 4. ಬಾದಾಮಿಯನ್ನು ಹದವಾಗಿ ಹುರಿದು ತರಿತರಿ ಪುಡಿ ಮಾಡಿ. ಖರ್ಜೂರ, ಏಲಕ್ಕಿ ಪುಡಿ, ತುರಿ ಸೇರಿಸಿ ಇನ್ನೊಮ್ಮೆ ತಿರುವಿ. ಸಣ್ಣ ನಿಂಬೆಗಾತ್ರದ ಉಂಡೆ ಕಟ್ಟಿ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಇಪ್ಪತ್ತಕ್ಕೆ ಮೋಸವಿಲ್ಲ.

ಬಾದಾಮಿ ಸ್ಕೋನ್: ನುಣ್ಣಗಿನ ಬಾದಾಮಿ ಹಿಟ್ಟು 200 ಗ್ರಾಂ, ಅಡುಗೆ ಸೋಡ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಮೊಟ್ಟೆ 1, ಕರಗಿಸಿದ ಕೊಬ್ಬರಿ ಎಣ್ಣೆ 2 ದೊಡ್ಡ ಚಮಚ, ಜೇನು 1 ದೊಡ್ಡ ಚಮಚ, ನಿಂಬೆರಸ 1 ಟೀ ಚಮಚ, ಒಂದು ಹಿಡಿ ಒಣದ್ರಾಕ್ಷಿ. ಎಲ್ಲ ಕಲೆಸಿ ಒಂದಂಗುಲ ದಪ್ಪಕ್ಕೆ ತಟ್ಟಿ, ಎಂಟು ತುಂಡು ಮಾಡಿ, 170 ಡಿಗ್ರಿ ಓವನ್ನಿನಲ್ಲಿ 15ರಿಂದ 18 ನಿಮಿಷ ಹೊಂಬಣ್ಣ ಬರುವವರೆಗೆ ಬೇಯಿಸಿ. ಆರಿದ ಮೇಲೆ ತೆಗೆಯಿರಿ. ಬಿಸಿಯಲ್ಲಿ ಮುಟ್ಟಿದರೆ ಉದುರುತ್ತದೆ, ಹಿಡಿದಿಡಲು ಗ್ಲುಟೆನ್ ಇಲ್ಲವಲ್ಲ!

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ರಾಗಿಯನ್ನು ಬೀಸಲು ಗಿರಣಿಗೆ ಕೊಡದೆ ಅಟ್ಟದ ಮೇಲಿದ್ದ ಅತ್ತೆಯವರ ಬೀಸುವ ಕಲ್ಲನ್ನು ಇಳಿಸಿ ತೊಳೆದಿಟ್ಟದ್ದು. ಮುಂದಿನ ರಜಕ್ಕೆ ಮಗು ಬರುತ್ತದೆ.